ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿದೆಯಾ?

(ದೃಶ್ಯ: ಅಂಗನವಾಡಿ. ಚಾಪೆ ಮೇಲೆ ಮಕ್ಕಳು, ಸಾಲಿನಲ್ಲಿ ನಿಂತ ತಾಯಂದಿರು.)

ನಾಲ್ಕು ವರ್ಷದ ಹುಡುಗಿ. ಸ್ಟೆತಾಸ್ಕೋಪ್ ತಣ್ಣಗಿದೆ ಅಂತ ಕಿಲಕಿಲ ನಗುತ್ತಿದ್ದಾಳೆ. ಡಾಕ್ಟರ್ ಮಾತ್ರ ನಗುತ್ತಿಲ್ಲ. ಎದೆಯ ಅದೇ ಜಾಗಕ್ಕೆ ಇನ್ನೊಮ್ಮೆ ಇಟ್ಟು ಕೇಳುತ್ತಾರೆ. ಲಬ್‌ಗೂ ಡಬ್‌ಗೂ ನಡುವೆ ಸುಯ್ ಅನ್ನುವ ಸಣ್ಣ ಸದ್ದು.

"ಗಾಬರಿಯಾಗಬೇಡಿ ಅಮ್ಮ, ಹೃದಯದ ಒಂದು ಸ್ಕ್ಯಾನ್, ಎಕೋ ಮಾಡಿಸೋಣ."

"ಎಷ್ಟಾಗುತ್ತೆ ಸಾರ್?"

ಇದು ನಾವು ಕಟ್ಟಿದ ದೃಶ್ಯ. ಆದರೆ ಆ ಪ್ರಶ್ನೆ ಎಲ್ಲ ಬಡವರ ಮನೆಯದ್ದು, ಅಲ್ವಾ?

(ನಿರೂಪಕಿ ಕ್ಯಾಮೆರಾ ಮುಂದೆ)

ನಮಸ್ಕಾರ. ಅಂಗನವಾಡಿಗೆ ಬಂದ ಆ ತಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. 2013ರಲ್ಲಿ ಶುರುವಾಯಿತು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. 18 ವರ್ಷದವರೆಗಿನ ಮಕ್ಕಳಲ್ಲಿ ಸೀಳುತುಟಿ, ಹೃದಯದ ತೊಂದರೆ, ಕಿವುಡು, ರಕ್ತಹೀನತೆ ಇಂಥವನ್ನು ಹುಡುಕುವುದು ಅವರ ಕೆಲಸ. ತಂಡ ಬರುವ ದಿನ "ಇವತ್ತು ಇಂಜೆಕ್ಷನ್ ಕೊಡ್ತಾರೆ" ಅಂತ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಕಳಿಸಿ. ಅವರು ಬರುವುದು ನೋಡುವುದಕ್ಕೆ, ಚುಚ್ಚುವುದಕ್ಕಲ್ಲ.

ಸರಿ, ಆಪರೇಷನ್ ಬೇಕು ಅಂತಾಯಿತು. ದುಡ್ಡು?

(ದೃಶ್ಯ: ಮೇಜಿನ ಮೇಲೆ ರೇಷನ್ ಕಾರ್ಡ್, ಆಧಾರ್)

ಅದಕ್ಕೇ ಇರುವ ಸರ್ಕಾರಿ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು. ಎಪಿಎಲ್ ಆದರೆ ನಿಗದಿತ ದರದ 30 ಪರ್ಸೆಂಟ್ ಮಾತ್ರ ಸರ್ಕಾರದ್ದು, ಅದಕ್ಕೂ ಒಂದೂವರೆ ಲಕ್ಷದ ಮಿತಿ. ಜನ ವಿಮೆ ಅಂತಾರೆ. ಆದರೆ ನೀವು ಪ್ರೀಮಿಯಂ ಕಟ್ಟುವುದಿಲ್ಲ, ನಡುವೆ ವಿಮಾ ಕಂಪನಿಯೂ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತದೆ.

ಮಕ್ಕಳ ಲೆಕ್ಕದಲ್ಲಿ ನನಗೆ ದೊಡ್ಡದು ಅನ್ನಿಸುವುದು ಬೇರೆ ಎರಡು ವಿಷಯ. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಮನೆಗೆ ಐದೇ ಜನ, 30,000 ರೂಪಾಯಿ ಅಷ್ಟೇ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮೂರು ಮಕ್ಕಳು. ಯಾರನ್ನು ಬಿಡುತ್ತೀರಿ? 2018ರಲ್ಲಿ ಬಂದ ಆಯುಷ್ಮಾನ್‌ನಲ್ಲಿ ಆ ಐದರ ಮಿತಿ ಹೋಯಿತು. ಎರಡನೆಯದು, ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರ ಇರುವ ಮಗುವಿಗೆ ಇದಿಲ್ಲದಿದ್ದರೆ ಕಾರ್ಡ್ ಇದ್ದೂ ಏನು ಬಂತು?

ತೊಡಕೂ ಇದೆ. ಜ್ವರ, ಕೆಮ್ಮು ಅಂತ ಸುಮ್ನೆ ಡಾಕ್ಟರಿಗೆ ತೋರಿಸಿ ಬಂದರೆ ಈ ಹಣ ಸಿಗುವುದಿಲ್ಲ, ದಾಖಲಾಗಿ ಪಡೆಯುವ ಚಿಕಿತ್ಸೆಗೆ ಮಾತ್ರ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗುವ ಹಾಗೂ ಇಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ತುರ್ತು ಅಂದರೆ ಚೀಟಿ ಬೇಡ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಿ, ಆರೋಗ್ಯ ಮಿತ್ರ, ಅಂದರೆ ಈ ಯೋಜನೆಗೆ ಸಹಾಯ ಮಾಡುವ ಸಿಬ್ಬಂದಿ, ಎಲ್ಲಿ ಅಂತ ಕೇಳಿ.

(ದೃಶ್ಯ: ರೇಷನ್ ಕಾರ್ಡಿನ ಹೆಸರುಗಳ ಮೇಲೆ ಬೆರಳು ಇಳಿಯುತ್ತದೆ)

ಈ ಯೋಜನೆಗೆ ರೇಷನ್ ಕಾರ್ಡ್ ನೋಡುತ್ತಾರೆ. ಜಾಸ್ತಿ ಜನ ಎಡವುವುದು ಇಲ್ಲಿ. ಕಾರ್ಡಿನಲ್ಲಿ ಅಪ್ಪ ಇದ್ದಾರೆ, ಅಮ್ಮ ಇದ್ದಾರೆ, ಮಗುವೇ ಇಲ್ಲ! ನಮ್ಮ ಮನೆಯಲ್ಲೂ ಇದೇ ಕಥೆ. ತಂಗಿಯ ಮಗನ ಹೆಸರು ಸೇರಿಸುವುದನ್ನು ಮೂರು ವರ್ಷ ಮರೆತಿದ್ದೆವು. ಜನನ ಪ್ರಮಾಣಪತ್ರ ಇಟ್ಟುಕೊಂಡು ಮೊದಲು ನೀಲಿ ಬಣ್ಣದ ಬಾಲ ಆಧಾರ್ ಮಾಡಿಸಿ. ಅದಕ್ಕೆ ಬೆರಳಚ್ಚು ಬೇಕಿಲ್ಲ. ಐದು ತುಂಬಿದ ಮೇಲೆ ಮಾತ್ರ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಆಮೇಲೆ ರೇಷನ್ ಕಾರ್ಡಿಗೆ ಹೆಸರು ಸೇರಿಸಿ. "ಕಾವ್ಯ" ಒಂದು ಕಡೆ, "ಕಾವ್ಯಾ ಎಂ" ಇನ್ನೊಂದು ಕಡೆ ಆಗದ ಹಾಗೆ ಅಲ್ಲೇ ನಿಂತು ಓದಿ ನೋಡಿ.

ಅನುಮಾನ ಇದ್ದರೆ ಸಹಾಯವಾಣಿ 104ಕ್ಕೋ 14555ಕ್ಕೋ ಫೋನ್ ಮಾಡಿ. ವಿಡಿಯೋ ನಿಲ್ಲಿಸಿ ಒಮ್ಮೆ ಕಾರ್ಡ್ ತೆಗೆದು ನೋಡಿ, ಎಷ್ಟು ಹೆಸರಿದೆ?