ಮಂದ್ರದಲ್ಲೊಬ್ಬ ದೊರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಆಪೆರಾ ಅಂದರೆ ಪಶ್ಚಿಮದ ಸಂಗೀತ ನಾಟಕ. ಅದರಲ್ಲಿ ಗಂಡಸರ ದನಿಗಳ ಪೈಕಿ ಎಲ್ಲಕ್ಕಿಂತ ಕೆಳಗಿನದು ಬೇಸ್. ನಮ್ಮ ಮಾತಲ್ಲಿ ಮಂದ್ರದ ಕಂಠ. ಪ್ರೇಮಿಯ ಪಾತ್ರ ಜಾಸ್ತಿ ಟೆನರ್‌ಗಳ, ಅಂದರೆ ಏರುದನಿಯ ಗಾಯಕರ ಪಾಲು. ಬೇಸ್ ಗಾಯಕರಿಗೆ ಸಿಗುವುದು ರಾಜ, ಸನ್ಯಾಸಿ, ಮುದಿ ತಂದೆ, ಸೈತಾನ. ಇಂಥ ಪಾತ್ರಗಳಿಂದಲೇ ಲೋಕದ ಮನಸ್ಸು ಗೆದ್ದವರು ರಷ್ಯಾದ ಫ್ಯೋದರ್ ಶಲ್ಯಾಪಿನ್.

ಹುಟ್ಟಿದ್ದು 1873ರಲ್ಲಿ, ಕಜಾನ್‌ನಲ್ಲಿ. ಬಡ ಮನೆ. ಅಪ್ಪ ಗುಮಾಸ್ತ, ವಿಪರೀತ ಕುಡಿತ. ಹುಡುಗ ಜೋಡು ಹೊಲಿಯುವ ಕೆಲಸಕ್ಕೆ ಹೋದ, ಚರ್ಚಿನಲ್ಲಿ ಹಾಡಿದ, ಊರೂರು ತಿರುಗುವ ನಾಟಕ ಕಂಪನಿ ಸೇರಿದ. ಅಲೆದು ಅಲೆದು ಟಿಫ್ಲಿಸ್, ಅಂದರೆ ಈಗಿನ ಜಾರ್ಜಿಯಾದ ಟಿಬಿಲಿಸಿ, ತಲುಪಿದ. ಅಲ್ಲಿ ಸಿಕ್ಕವರು ದ್ಮಿತ್ರಿ ಉಸಾತವ್ ಎಂಬ ಹಾಡಿನ ಮೇಷ್ಟ್ರು. ಅವರು ಒಂದು ಕಾಸೂ ಕೇಳದೆ ಪಾಠ ಹೇಳಿದರು. ಊಟ ಹಾಕಿದರು, ಬಟ್ಟೆ ಕೊಟ್ಟರು. ರಷ್ಯಾದ ಸಂಗೀತ ರಚನಕಾರ ಮುಸೋರ್ಗ್‌ಸ್ಕಿಯ ಸಂಗೀತದ ರುಚಿ ಹತ್ತಿಸಿದವರೂ ಅವರೇ. ಈ ಮೇಷ್ಟ್ರನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

1898ರಲ್ಲಿ ಶಲ್ಯಾಪಿನ್ ಮೊದಲ ಸಲ ಮುಸೋರ್ಗ್‌ಸ್ಕಿಯ ಆಪೆರಾ ‘ಬೊರಿಸ್ ಗದುನೋವ್’ನಲ್ಲಿ ಬೊರಿಸ್‌ನ ಪಾತ್ರ ಮಾಡಿದರು. ಮಗುವಿನ ಕೊಲೆಯ ಪಾಪ ಹೊತ್ತು ಒಳಗೊಳಗೇ ಬೇಯುವ ತ್ಸಾರ್, ಅಂದರೆ ರಷ್ಯಾದ ದೊರೆ, ಅವನು. ತಯಾರಿ ಹೇಗಿತ್ತು ಅಂತೀರಿ? ಸಂಗೀತ ಕಲಿಸಿದ್ದು ಗೆಳೆಯ, ಸಂಗೀತ ರಚನಕಾರ ರಖ್‌ಮಾನಿನೋವ್. ಆ ಕಾಲದ ಕಥೆ ತಿಳಿಯಲು ಇತಿಹಾಸಕಾರ ಕ್ಲ್ಯುಚೆವ್‌ಸ್ಕಿ ಬಳಿ ಹೋದರು. ಮುಖದ ಬಣ್ಣವನ್ನು ತಾವೇ ಹಚ್ಚಿಕೊಳ್ಳುತ್ತಿದ್ದರು. ಆಗ ಎಷ್ಟೋ ಗಾಯಕರು ರಂಗದ ಮೇಲೆ ಸುಮ್ನೆ ನಿಂತು ಹಾಡಿಬಿಡುತ್ತಿದ್ದರು. ಇವರಿಗೆ ರಾಗದಷ್ಟೇ ಮಾತೂ ಮುಖ್ಯ, ಮಾತಿನಷ್ಟೇ ಮೌನವೂ ಮುಖ್ಯ.

1901ರಲ್ಲಿ ಇಟಲಿಯ ಮಿಲಾನ್‌ನಲ್ಲಿರುವ ಲಾ ಸ್ಕಾಲಾ ಆಪೆರಾ ಮಂದಿರದಿಂದ ಕರೆ ಬಂತು. ಪಾತ್ರ ಸೈತಾನನದು, ಜೊತೆಗೆ ಹಾಡಿದವರು ಇಟಲಿಯ ಟೆನರ್ ಕರೂಸೊ, ಸಂಗೀತ ನಡೆಸಿದವರು ತೊಸ್ಕನಿನಿ. ದುಡ್ಡು ಕೊಟ್ಟರೆ ಚಪ್ಪಾಳೆ ಹೊಡೆಯುವ ಗುಂಪೊಂದು ಅಲ್ಲಿತ್ತು. ಶಲ್ಯಾಪಿನ್ ಬಿಡಿಗಾಸೂ ಕೊಡಲಿಲ್ಲ. ಆದರೂ ಗೆದ್ದರು. 1908ರಲ್ಲಿ ಪ್ಯಾರಿಸ್ ಅವರ ಬೊರಿಸ್‌ಗೆ ಮರುಳಾಯಿತು.

1922ರಲ್ಲಿ ರಷ್ಯಾ ಬಿಟ್ಟವರು ಮತ್ತೆ ಹಿಂದಿರುಗಲಿಲ್ಲ. 1938ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ಅಸ್ಥಿ ಮಾಸ್ಕೋ ಸೇರಿದ್ದು 1984ರಲ್ಲಿ.

1928ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ಆಪೆರಾ ಮಂದಿರದಲ್ಲಿ ಆಟ ನಡೆಯುತ್ತಿದ್ದಾಗಲೇ ಅವರ ಬೊರಿಸ್‌ನ ಧ್ವನಿಮುದ್ರಣ ಮಾಡಿದರು. ಹಳೆಯ ಮುದ್ರಣ, ಕರಕರ ಸದ್ದು ಇದ್ದೇ ಇದೆ. ರಾತ್ರಿ, ಮನೆ ಮಲಗಿದ ಮೇಲೆ ಕೇಳಿ. ಸಾಯುವ ದೊರೆ ಮಗನಿಗೆ ವಿದಾಯ ಹೇಳುತ್ತಾನೆ. ಗಂಟೆ ಮೊಳಗುತ್ತದೆ. ‘ನಾನಿನ್ನೂ ತ್ಸಾರ್’ ಎಂದು ಒಮ್ಮೆ ಕೂಗುತ್ತಾನೆ. ಆಮೇಲೆ ಅಷ್ಟು ದೊಡ್ಡ ಕಂಠ ಬರೀ ಉಸಿರಾಗುತ್ತದೆ. ಆ ಉಸಿರಲ್ಲಿ ಉಳಿಯುವುದು ಒಂದೇ ಪದ, ‘ಪ್ರಸ್ತೀತೆ’. ಕ್ಷಮಿಸಿ.