ಮನೆ ಯಾವ ಕಡೆ ಅಂತ ಬೆರಳಿಗೆ ಗೊತ್ತಿರಬೇಕು

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಡ್ರೋನ್ ತಜ್ಞರು ಅಂದರು. ಹಾಗೇನೂ ಇಲ್ಲ. ನಾನು ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟವನು. ನಿವೃತ್ತಿ ಆದ ಮೇಲೆ ಊಟದ ಮೇಜಿನ ಮೇಲೆ ಸೋಲ್ಡರ್ ಮಾಡುವವನು. ಆ ಮೇಜಿನಲ್ಲಿ ಎರಡು ಸುಟ್ಟ ಕಲೆ ಇದೆ. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಇವತ್ತು ಐದು ವಿಷಯ ಹೇಳಬೇಕು ಅಂತ ಚೀಟಿಯಲ್ಲಿ ಬರೆದು ತಂದಿದ್ದೇನೆ. ಎಷ್ಟು ಮುಗಿಯುತ್ತದೋ ನೋಡೋಣ. ಬರಲು ಒಪ್ಪಿದ್ದಕ್ಕೆ ಕಾರಣ ಒಂದೇ. ಹೋದ ತಿಂಗಳು ಇಲ್ಲೇ ಪೆರ್ಲದ ಹತ್ತಿರ ನಾಲ್ಕು ಹುಡುಗರು ಕಷ್ಟಪಟ್ಟು ಕಟ್ಟಿದ ಕ್ವಾಡ್‌ಕಾಪ್ಟರ್, ಅಂದರೆ ನಾಲ್ಕು ರೆಕ್ಕೆಯ ಡ್ರೋನ್, ಕಳೆದುಹೋಯಿತು. ಮೋಟಾರು ಸರಿ ಇತ್ತು, ಬ್ಯಾಟರಿ ಸರಿ ಇತ್ತು. ವಾಪಸ್ ಕರೆಸುವ ಸ್ವಿಚ್ ಮೇಲೆ ಮಾಡಬೇಕಾ ಕೆಳಗೆ ಮಾಡಬೇಕಾ ಅಂತ ಇಬ್ಬರಲ್ಲಿ ವಾದ ಆಯಿತಂತೆ. ವಾದ ಮುಗಿಯುವಾಗ ಅದು ಗುಡ್ಡೆ ದಾಟಿತ್ತು. ಹುಡುಗರು ಇಲ್ಲೇ ಹಿಂದಿನ ಬೆಂಚಿನಲ್ಲಿದ್ದಾರೆ. ತಲೆ ತಗ್ಗಿಸಬೇಡಿ, ನನ್ನ ಕತೆ ಇನ್ನೂ ಕೆಟ್ಟದು.

ಆ ಕತೆಯನ್ನೇ ಮೊದಲು ಹೇಳುತ್ತೇನೆ. ನನ್ನ ಹತ್ತಿರ ಇರುವುದು ಫ್ಲೈಸ್ಕೈ ಎಫ್‌ಎಸ್-ಐ6. ಡ್ರೋನ್ ನಡೆಸಲು ಕೈಯಲ್ಲಿ ಹಿಡಿಯುವ ರೇಡಿಯೋ ಪೆಟ್ಟಿಗೆ ಅದು. ನಿಮ್ಮಲ್ಲಿ ಹಲವರ ಹತ್ತಿರವೂ ಅದೇ ಇರಬಹುದು. ಮೇಲೆ ನಾಲ್ಕು ಸ್ವಿಚ್. ಮೂರು ಸ್ವಿಚ್‌ಗೆ ಎರಡೇ ಸ್ಥಾನ, ಸಿ ಅನ್ನುವ ಒಂದಕ್ಕೆ ಮಾತ್ರ ಮೂರು. ಆದರೆ ಕಾಪ್ಟರಿನ ಒಳಗೆ ಕೂತು ಅದನ್ನು ಹಾರಿಸುವ ಸಾಫ್ಟ್‌ವೇರ್ ಆರ್ಡುಪೈಲಟ್ ಕೇಳುವುದು ಆರು ಮೋಡ್, ಅಂದರೆ ಹಾರುವ ಆರು ರೀತಿ. ಏನು ಮಾಡುವುದು? ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿ ಮತ್ತು ಡಿ ಎರಡನ್ನೂ ಮೆನುವಿನಲ್ಲಿ ಮಿಕ್ಸ್ ಮಾಡಿದೆ, ಅಂದರೆ ಎರಡೂ ಸೇರಿ ಒಂದು ಮೋಡ್ ಆರಿಸುವ ಹಾಗೆ. ಮೂರು ಎರಡಲ ಆರು. ಪೆಟ್ಟಿಗೆ ಬಿಚ್ಚಬೇಕಾಗಿಲ್ಲ, ಖರ್ಚಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಒಂದು ಮಧ್ಯಾಹ್ನ ಮೂರು ಗಂಟೆಗೆ ಪಾರೆಯ ಮೇಲೆ ನಿಂತು ಹಾರಿಸಿದೆ. ಪಡುಗಾಳಿ ಎದ್ದಿತು. ಕಾಪ್ಟರ್ ನಿಧಾನವಾಗಿ ಬಯಲಿನ ಕಡೆ, ಪಕ್ಕದವರ ತೋಟದ ಮೇಲೆ ಜಾರತೊಡಗಿತು. ಆರ್‌ಟಿಎಲ್ ಹಾಕಬೇಕು, ಅಂದರೆ ಮೇಲೆ ಏರಿ ಮನೆಗೆ, ಹೊರಟ ಜಾಗಕ್ಕೆ, ವಾಪಸ್ ಬಾ ಅನ್ನುವ ಮೋಡ್. ನಾನು ಸಿ ಸ್ವಿಚ್ ಕೆಳಗೆ ಮಾಡಿದೆ. ಡಿ ಸ್ವಿಚ್ ಎಲ್ಲಿತ್ತು? ಗೊತ್ತಿಲ್ಲ. ಕೈ ನಡುಗುತ್ತಿತ್ತು, ಕಣ್ಣು ಆಕಾಶದಲ್ಲಿತ್ತು. ಹಾಕಿದ್ದು ಲ್ಯಾಂಡ್. ಕಾಪ್ಟರ್ ಬಹಳ ವಿಧೇಯವಾಗಿ, ನಿಧಾನವಾಗಿ, ನೇರ ಕೆಳಗೆ ಇಳಿಯಿತು. ಕೆಳಗೆ ಇದ್ದದ್ದು ತೆಂಗಿನ ಮರ.

ಮರ ಹತ್ತುವವನನ್ನು ಕರೆಸಿದೆ. ಅವನು ಮೇಲೆ ನೋಡಿದ, ನನ್ನನ್ನು ನೋಡಿದ. “ಕಾಯಿ ತೆಗೆಯಬೇಕಾ ಮಾಷ್ಟ್ರೇ, ಇದನ್ನು ಮಾತ್ರವಾ?” ಅಂದ. ಇದನ್ನು ಮಾತ್ರ ಅಂದೆ. ಒಂದು ಮರದ ಕೂಲಿ ತೆಗೆದುಕೊಂಡ, ಒಂದು ರೆಕ್ಕೆ ಮುರಿದದ್ದು ಬಿಟ್ಟರೆ ಎಲ್ಲ ಸರಿಯಾಗಿ ಇಳಿಸಿಕೊಟ್ಟ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮೂರು ವಾರ ಬಿಟ್ಟು ಪುನಃ ಗಾಳಿ. ಈ ಸಲ ನಾನು ಎರಡೂ ಸ್ವಿಚ್ ನೋಡಿಯೇ ಸರಿಯಾಗಿ ಆರ್‌ಟಿಎಲ್ ಹಾಕಿದೆ. ಕಾಪ್ಟರ್ ಎತ್ತರಕ್ಕೆ ಏರಿತು, ನನ್ನ ಕಡೆ ತಿರುಗಿತು, ಬಂತು, ಇನ್ನೊಂದು ತೆಂಗಿನ ಮರದ ಸೋಗೆಗೆ ಹೊಡೆಯಿತು. ಯಾಕೆ? ಆರ್ಡುಪೈಲಟ್‌ನಲ್ಲಿ ಆರ್‌ಟಿಎಲ್ ಎತ್ತರ ನಾವು ಬದಲಿಸದಿದ್ದರೆ 15 ಮೀಟರ್. ಅದಕ್ಕಿಂತ ಕೆಳಗಿದ್ದರೆ ಅಷ್ಟು ಏರಿ, ಆಮೇಲೆ ಮನೆ ಕಡೆ ಹೊರಡುತ್ತದೆ. ಬಯಲುಸೀಮೆಯವರಿಗೆ ಅದು ಸಾಕು. ನಮ್ಮ ಹಳೇ ಅಡಿಕೆ ಮರವೇ 15 ಮೀಟರ್ ದಾಟಿರುತ್ತದೆ, ತೆಂಗಿನದ್ದು ಕೇಳಲೇಬೇಡಿ. ಮನೆಗೆ ಹೋಗಿ ಮೊದಲು ಆ ಸಂಖ್ಯೆ ಬದಲಿಸಿ, ನಾನು 40 ಮೀಟರ್ ಇಟ್ಟಿದ್ದೇನೆ. ಮರದ ಕೆಳಗೆ ಬಂದವನು ಅದೇ ಮನುಷ್ಯ. “ಏನು ಮಾಷ್ಟ್ರೇ, ಪುನಃ ಹಣ್ಣಾಗಿದೆಯಾ?”

ಅಂದು ರಾತ್ರಿ ನಿರ್ಧರಿಸಿದೆ. ಪೆಟ್ಟಿಗೆಯಲ್ಲಿ ಮೋಡಿಗೆ ತಿರುಗಿಸುವ ಗುಬ್ಬಿ ಒಂದೇ ಇರಬೇಕು, ಅದು ಕಟ್ ಕಟ್ ಅಂತ ತಿರುಗಬೇಕು, ಮನೆ ಯಾವ ಕಡೆ ಅಂತ ಬೆರಳಿಗೆ ಗೊತ್ತಿರಬೇಕು. ಕಣ್ಣಿಗೆ ಗೊತ್ತಿದ್ದರೆ ಸಾಲದು. ನೀರಿಗಾಗಿ ಗುಡ್ಡೆಗೆ ಸುರಂಗ ತೋಡುವ ನಮ್ಮವರನ್ನು ನೋಡಿದ್ದೀರಲ್ವಾ? ಗುಡ್ಡೆಯ ಹೊಟ್ಟೆಯೊಳಗೆ ಒಂದು ದೀಪ ಇಟ್ಟುಕೊಂಡು ಹೋಗುತ್ತಾರೆ. ಮಣ್ಣು ಹಸಿ ಆಯಿತಾ ಇಲ್ಲವಾ ಅಂತ ಅಂಗೈಯಲ್ಲಿ ಹೇಳುತ್ತಾರೆ. ಆ ಕೆಲಸಕ್ಕೆ ಕಣ್ಣು ಎರಡನೆಯದು.

ಈಗ ಕೆಲಸದ ಮಾತು. ಐ6ನಲ್ಲಿ ಎರಡು ತಿರುಗುವ ಗುಬ್ಬಿ ಇವೆ, ವಿಆರ್‌ಎ, ವಿಆರ್‌ಬಿ. ಒಳಗೆ ಇರುವುದು ಪಾಟ್, ಹಳೇ ರೇಡಿಯೋದ ವಾಲ್ಯೂಮಿನಲ್ಲಿ ಇರುವಂಥದ್ದೇ. ಮೂರು ಕಾಲು. ಎರಡು ತುದಿಗೆ ವೋಲ್ಟೇಜ್, ನಡುವಿನ ಕಾಲು ಚಿಪ್‌ಗೆ. ತಿರುಗಿಸಿದ ಹಾಗೆ ನಡುವಿನ ಕಾಲಿನ ವೋಲ್ಟೇಜ್ ಸೊನ್ನೆಯಿಂದ ಮೇಲೆ ಹೋಗುತ್ತದೆ. ಚಿಪ್‌ಗೆ ಬೇಕಾದದ್ದು ಆ ವೋಲ್ಟೇಜ್ ಮಾತ್ರ. ಕೊಡುವುದು ಪಾಟಾ, ನಮ್ಮ ಕೈಕೆಲಸವಾ ಅಂತ ಅದು ಕೇಳುವುದಿಲ್ಲ.

ಹಾಗಾಗಿ ಪಾಟ್ ತೆಗೆದು, ಅಲ್ಲಿ ಆರು ಸ್ಥಾನದ ರೋಟರಿ ಸ್ವಿಚ್ ಹಾಕುವುದು. ಮನೆಯ ಫ್ಯಾನ್ ರೆಗ್ಯುಲೇಟರ್ ನೆನಪು ಮಾಡಿಕೊಳ್ಳಿ, ಅದೇ ಥರ ಒಂದೊಂದೇ ಕಟ್. ಒಂದು ಕಾಲಿನಿಂದ ಮುಂದಿನ ಕಾಲಿಗೆ ಒಂದೊಂದು ರೆಸಿಸ್ಟರ್. ಆರು ಕಾಲು ಇದ್ದರೆ ನಡುವೆ ಐದು ರೆಸಿಸ್ಟರ್, ಬೇಲಿಯ ಗೂಟದ ಲೆಕ್ಕ. ಐದೂ ಸಮಾನ ಇರಲಿ. ನಾನು ತಲಾ 1 ಕಿಲೋ ಓಮ್ ಹಾಕಿದೆ. ನೀವು ನಿಮ್ಮ ಪಾಟನ್ನು ಮಲ್ಟಿಮೀಟರಿನಲ್ಲಿ ಅಳೆದು, ಬಂದದ್ದನ್ನು ಐದರಿಂದ ಭಾಗಿಸಿ. ಸಾಲಿನ ಎರಡು ತುದಿ ಪಾಟಿನ ಎರಡು ತುದಿ ಇದ್ದ ಜಾಗಕ್ಕೆ, ಸ್ವಿಚ್ಚಿನ ಕಾಮನ್ ಕಾಲು, ಅಂದರೆ ಆರಕ್ಕೂ ಸೇರಿದ ಒಂದು ಕಾಲು, ನಡುವಿನ ಜಾಗಕ್ಕೆ. ಮೂರು ವಯರು, ಮುಗಿಯಿತು. ಆಮೇಲೆ ಮೆನುವಿನಲ್ಲಿ 5ನೇ ಚಾನೆಲಿಗೆ, ಅಂದರೆ ಪೆಟ್ಟಿಗೆಯಿಂದ ಕಾಪ್ಟರಿಗೆ ಸಿಗ್ನಲ್ ಹೋಗುವ 5ನೇ ದಾರಿಗೆ, ವಿಆರ್‌ಎ ಅಂತ ಆರಿಸುವುದು. ಕಾಪ್ಟರಿನಲ್ಲಿ ಮೋಡ್ ನೋಡುವುದು ಆ ಚಾನೆಲನ್ನೇ.

ಇಷ್ಟು ಮಾಡಿ ಕಂಪ್ಯೂಟರಿಗೆ ಸಿಕ್ಕಿಸಿದೆ. ಆರು ಸಲ ತಿರುಗಿಸಿದರೆ ನಾಲ್ಕೇ ಮೋಡ್! ಒಂದು ಇಡೀ ಸಂಜೆ ಸೋಲ್ಡರನ್ನು ಬಯ್ದೆ. ಪಾಪ, ಅದರ ತಪ್ಪಿರಲಿಲ್ಲ, ಲೆಕ್ಕ ನನ್ನದೇ ತಪ್ಪು. ಚಾನೆಲಿನಲ್ಲಿ ಸಿಗ್ನಲ್ಲಿನ ಉದ್ದ 1000ದಿಂದ 2000 ಮೈಕ್ರೋಸೆಕೆಂಡ್ ತನಕ ಹೋಗುತ್ತದೆ. ಸಮನಾಗಿ ಹಂಚಿದರೆ 1000, 1200, 1400, 1600, 1800, 2000. ಆದರೆ ಆರ್ಡುಪೈಲಟ್ ಸಮನಾಗಿ ಹಂಚಿಲ್ಲ. 1230ರ ತನಕ ಎಲ್ಲ ಒಂದನೇ ಮೋಡ್. 1750ರಿಂದ ಮೇಲೆ ಎಲ್ಲ ಆರನೆಯದು. ನಡುವಿನ ನಾಲ್ಕಕ್ಕೆ ತಲಾ 130ರಷ್ಟು ಜಾಗ. ಹಾಗಾಗಿ ನನ್ನ 1000, 1200 ಎರಡೂ ಒಂದೇ ಮನೆಗೆ ಹೋದವು. 1800, 2000 ಇನ್ನೊಂದು ಮನೆಗೆ. ಎರಡು ಮತ್ತು ಐದನೇ ಮನೆ ಖಾಲಿ. ಮದ್ದು ಬಹಳ ಸುಲಭ. ಸಿಗ್ನಲ್ ಎರಡು ತುದಿಗೆ ಎಷ್ಟು ದೂರ ಹೋಗಬೇಕು ಅಂತ ಹೇಳುವ ಎಂಡ್ ಪಾಯಿಂಟ್ ಮೆನುವಿಗೆ ಹೋಗಿ 5ನೇ ಚಾನೆಲನ್ನು ಎರಡೂ ಕಡೆ ಶೇಕಡಾ ನೂರರಿಂದ 65ಕ್ಕೆ ಇಳಿಸುವುದು. ಆಗ 1175, 1305, 1435, 1565, 1695, 1825. ಪ್ರತಿಯೊಂದೂ ತನ್ನ ಮನೆಯಲ್ಲಿ. ಬರೆದುಕೊಳ್ಳಿ, 65. ಇವತ್ತು ಬೇರೇನೂ ನೆನಪಿಲ್ಲದಿದ್ದರೂ ಪರವಾಗಿಲ್ಲ.

ಅಂಗಡಿಯಲ್ಲಿ ಸಿಗುವ ರೋಟರಿ ಸ್ವಿಚ್ ಜಾಸ್ತಿ 12 ಸ್ಥಾನದ್ದೇ. ಮೇಲಿನ ನಟ್ ಬಿಚ್ಚಿದರೆ ಹಲ್ಲು ಇರುವ ಒಂದು ವಾಷರ್ ಇರುತ್ತದೆ. ಅದನ್ನು ಸರಿಯಾದ ತೂತಿಗೆ ಕೂರಿಸಿದರೆ ಆರರಲ್ಲಿ ನಿಲ್ಲುತ್ತದೆ. ನಾನು ಅದು ಸುಮ್ನೆ ಇರುವ ವಾಷರ್ ಅಂತ ಡಬ್ಬಿಗೆ ಹಾಕಿದ್ದೆ. ಗುಬ್ಬಿ ಏಳನೇ ಸ್ಥಾನಕ್ಕೆ ಹೋಯಿತು. ಅಲ್ಲಿ ಏನೂ ಇಲ್ಲ. ಚಿಪ್‌ನ ಕಾಲು ತೇಲುತ್ತದೆ, ಮೋಡ್ ಯದ್ವಾತದ್ವಾ ಬದಲಾಗುತ್ತದೆ. ನೆಲದಲ್ಲೇ ಗೊತ್ತಾದದ್ದು ಪುಣ್ಯ.

ಈಗ ನನ್ನ ಹುಚ್ಚಿನ ವಿಷಯ. ಯಾವ ಮೋಡ್ ಎಲ್ಲಿ? ಆರ್‌ಟಿಎಲ್ ಒಂದು ತುದಿಯಲ್ಲೇ ಇರಬೇಕು. ಗುಬ್ಬಿಯನ್ನು ಎಡಕ್ಕೆ ನಿಲ್ಲುವ ತನಕ ತಿರುಗಿಸಿದರೆ ಮನೆ. ಎಣಿಸುವುದು ಬೇಡ, ನೋಡುವುದು ಬೇಡ. ಮತ್ತೆ, ಗಾಬರಿಯಲ್ಲಿ ಒಂದು ಕಟ್ ಮೊದಲೇ ನಿಂತರೆ? ಆದ್ದರಿಂದ ಪಕ್ಕದ ಮನೆಯವರೂ ಒಳ್ಳೆಯವರಾಗಿರಬೇಕು. ಅಲ್ಲಿ ಲಾಯ್ಟರ್, ಅಂದರೆ ಇದ್ದಲ್ಲೇ ನಿಲ್ಲುವುದು. ಲ್ಯಾಂಡನ್ನು ಮಾತ್ರ ಪಕ್ಕದಲ್ಲಿ ಇಡಬೇಡಿ, ಯಾಕೆ ಅಂತ ಆ ತೆಂಗಿನ ಮರ ಹೇಳುತ್ತದೆ. ಬಲ ತುದಿಯಲ್ಲಿ ಸ್ಟೆಬಿಲೈಸ್, ಅಂದರೆ ಅದು ಸಮತೋಲ ಮಾತ್ರ ನೋಡಿಕೊಳ್ಳುವುದು, ಉಳಿದದ್ದು ನಮ್ಮ ಕೈ. ಅದಕ್ಕೆ ಜಿಪಿಎಸ್ ಬೇಡ. ಲಾಯ್ಟರಿಗೂ ಆರ್‌ಟಿಎಲ್‌ಗೂ ಬೇಕು, ತೋಟದೊಳಗೆ ಸೋಗೆಯ ಅಡಿಯಲ್ಲಿ ಅದು ಕೈಕೊಡಬಹುದು.

ಇನ್ನೊಂದು ಚಿಕ್ಕ ರೆಸಿಸ್ಟರ್, 100 ಕಿಲೋ ಓಮ್. ಬೋರ್ಡಿನಲ್ಲಿ ನಡುವಿನ ಜಾಗದಿಂದ ಆರ್‌ಟಿಎಲ್ ಇರುವ ತುದಿಗೆ. ಸ್ವಿಚ್ಚಿನ ಕಡೆ ಅಲ್ಲ, ಬೋರ್ಡಿನ ಕಡೆಯೇ. ನಡುವಿನ ವಯರು ತುಂಡಾದರೆ ಅದು ಚಿಪ್‌ನ ಕಾಲನ್ನು ಆ ತುದಿಗೆ ಎಳೆದು ಹಿಡಿಯುತ್ತದೆ. ಸೋಲ್ಡರ್ ಬಿಟ್ಟುಹೋದರೂ ಕಾಪ್ಟರ್ ಮನೆಗೇ ಬರುತ್ತದೆ. ಒಂದು ರೂಪಾಯಿಯ ಸಾಮಾನು. ಇದನ್ನು ಹೇಳಲಿಕ್ಕೇ ನಾನು ಬಸ್ಸು ಹತ್ತಿದ್ದು.

ಓಹೋ, ಕಾರ್ಯದರ್ಶಿಗಳು ಚೀಟಿ ಕೊಟ್ಟರು. ಐದು ನಿಮಿಷವಂತೆ. ಐದರಲ್ಲಿ ಮೂರನೆಯದರಲ್ಲೇ ಇದ್ದೇನೆ, ಇರಲಿ.

ನಾಲ್ಕನೆಯದು, ಕಾನೂನು. ನಮ್ಮ ರೇಡಿಯೋ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಒಳಗಿನ ಆ ಭಾಗವನ್ನೂ ಆಂಟೆನಾವನ್ನೂ ಮುಟ್ಟಲೇಬೇಡಿ. 2021ರ ಡ್ರೋನ್ ನಿಯಮ ಓದಿಕೊಳ್ಳಿ. ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲೂ 120 ಮೀಟರ್ ಮೇಲೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ, ವಲಯದ ನಕ್ಷೆ ನೋಡಿಯೇ ಹಾರಿಸಿ. ಇನ್ನು, ಪಕ್ಕದ ತೋಟದವರನ್ನು ಕೇಳಿ. ಎಣ್ಮಕಜೆಯಲ್ಲಿ ನಿಂತು ಇದನ್ನು ಬಿಡಿಸಿ ಹೇಳಬೇಕಾ? ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು. ಮೇಲೆ ಏನೋ ಗುಂಯ್ ಅಂದರೆ ಅಂಗಳದಲ್ಲಿ ಕೂತ ಅಜ್ಜಿ ಈಗಲೂ ಮೊಮ್ಮಗುವನ್ನು ಒಳಗೆ ಎತ್ತಿಕೊಂಡು ಹೋಗುತ್ತಾರೆ. ನಿಮ್ಮದು ಆಟದ ಸಾಮಾನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಮೊದಲು ಹೋಗಿ ತೋರಿಸಿ, ಕೈಗೆ ಕೊಡಿ.

ಐದನೆಯದು ಬಿಟ್ಟೆ. ಒಂದು ಮಾತ್ರ, ಪರೀಕ್ಷೆ ಮಾಡುವಾಗ ರೆಕ್ಕೆ ನಾಲ್ಕೂ ಬಿಚ್ಚಿಟ್ಟು ಮಾಡಿ.

ನನ್ನ ಪೆಟ್ಟಿಗೆ ಆ ಮೇಜಿನ ಮೇಲೆ ತೆರೆದೇ ಇದೆ, ಸೆಲ್ ತೆಗೆದಿದ್ದೇನೆ. ಹಿಂದಿನ ಬೆಂಚಿನವರು ಮೊದಲು ಬನ್ನಿ. ಕಣ್ಣು ಮುಚ್ಚಿ ತಿರುಗಿಸಿ ನೋಡಿ. ಚಾ ಗ್ಲಾಸು ಮಾತ್ರ ಅಲ್ಲೇ ಇಟ್ಟು ಬನ್ನಿ.