ವೆಬ್‌ಸೈಟ್ ಮನಿ ಬದಲಿಸೂ ಮುಂದ: ಮ್ಯಾನೇಜ್ಡ್ ಹೋಸ್ಟಿಂಗ್ ಹೆಂಗ ಆರಿಸಬೇಕು

[ತೆರೆ ಮ್ಯಾಲ: ಸೀರಿ ಅಂಗಡಿಯ ಸೈಟ್, ಚೆಕೌಟ್ ಪುಟದಾಗ 504 ದೋಷ]

ನಮಸ್ಕಾರ್ರಿ. ಇಳಕಲ್‌ದಾಗ ಸೀರಿ ಮಾರೂ ಒಂದು ಅಂಗಡಿ ಅಂದ್ಕೊಳ್ರಿ, ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟಿಗೆ ಅಂಗಡಿ ಕೂಡಸೂ ಪ್ಲಗಿನ್, ಅಂದ್ರ ಜೋಡಿಸೂ ತಂತ್ರಾಂಶ) ಮ್ಯಾಲ ನಡ್ಯೂ ಸೈಟ್. ದಸರಾ ಮುಂದ ಗಿರಾಕಿ ಒಮ್ಮೆಲೆ ಬಂದಾಗ ಮುಖಪುಟ ತೆರೀತೈತಿ, ಸೀರಿ ಫೋಟೊನೂ ಕಾಣತಾವ. ರೊಕ್ಕ ಕಟ್ಟೂ ಪುಟಕ್ಕ ಹೋದ್ರ ಮಾತ್ರ 504, ಅಂದ್ರ ಸರ್ವರ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ.

ಮುಖಪುಟ ಎಲ್ಲಾರಿಗೂ ಒಂದ. ಸರ್ವರ್ ಅದನ್ನ ಒಮ್ಮೆ ತಯಾರಿಸಿ, ಕ್ಯಾಶ್‌ನಾಗ (ತಯಾರಾದ ಪುಟ ಇಡೂ ಜಾಗ) ಇಟ್ಟು ಹಂಚತೈತಿ. ಕಾರ್ಟ್, ಚೆಕೌಟ್ ಒಬ್ಬೊಬ್ಬರಿಗೆ ಬ್ಯಾರೆ. ಪ್ರತಿ ಸಲ ಒಂದು ಪಿಎಚ್‌ಪಿ ವರ್ಕರ್ (ಸರ್ವರಿನಾಗ ಒಂದು ಸಲಕ್ಕ ಒಂದ ಪುಟ ಕಟ್ಟೂ ಪ್ರೋಗ್ರಾಮ್) ಆ ಪುಟ ಕಟ್ಟಬೇಕು. ಪ್ಲಾನ್‌ನಾಗ 2 ವರ್ಕರ್ ಇದ್ದು, ಪುಟಕ್ಕ 1 ಸೆಕೆಂಡ್ ಹಿಡಿದ್ರ, 20 ಮಂದಿ ಕೂಡೇ ಬಂದಾಗ ಕಡೇದಾವ 10 ಸೆಕೆಂಡ್ ಕಾಯಬೇಕು. ಅದಕ್ಕ ಅಂಗಡಿ ಸೈಟಿಗೆ ‘ತಿಂಗಳಿಗೆ ಇಷ್ಟು ವಿಸಿಟ್’ ಅನ್ನೂ ಲೆಕ್ಕ ಸಾಲೂದಿಲ್ಲ. ವರ್ಕರ್ ಎಷ್ಟು ಅಂತ ಮೊದಲ ಕೇಳ್ರಿ.

ಹೋಸ್ಟಿಂಗ್ ಅಂದ್ರ ಸೈಟ್ ಇಡಾಕ ಬಾಡಿಗಿ ಸರ್ವರ್. ಮ್ಯಾನೇಜ್ಡ್ ಅಂದ್ರ ಆಪರೇಟಿಂಗ್ ಸಿಸ್ಟಮ್, ಪಿಎಚ್‌ಪಿ, ಡೇಟಾಬೇಸ್ ಸರ್ವರ್, ಬ್ಯಾಕಪ್ ನೋಡ್ಕೊಳ್ಳೂದು ಕಂಪನಿ ಕೆಲಸ. ನಿಮ್ಮ ಪ್ಲಗಿನ್ ಕೆಟ್ರ ಬಹಳ ಕಡೆ ಅದು ನಿಮ್ಮ ಪಾಲು. ಮ್ಯಾನೇಜ್ಡ್ ವರ್ಡ್‌ಪ್ರೆಸ್ ಪ್ಲಾನ್‌ಗಳ ಒಳಗ ಇಮೇಲ್ ಬಹಳ ಸಲ ಇರೂದಿಲ್ಲ. ಬ್ಯಾಕಪ್ ಎಷ್ಟು ದಿನ ಇಡತಾರ, ಎರಡನೇ ವರ್ಷದ ದರ ಎಷ್ಟು, ಬರವಣಿಗಿಯೊಳಗ ತಗೊಳ್ರಿ. ಗಿರಾಕಿ ಬೆಳಗಾವಿ, ಪುಣೆ, ಸೊಲ್ಲಾಪುರದಾವ್ರು ಇದ್ರ ಮುಂಬೈ ಡೇಟಾಸೆಂಟರ್ ಆರಿಸ್ರಿ.

[ತೆರೆ ಮ್ಯಾಲ: ಡಿಎನ್‌ಎಸ್ ಪುಟ, ಟಿಟಿಎಲ್ ಖಾನೆ]

ಈಗ ಸ್ಥಳಾಂತರ. ಹೆಚ್ಚಿನ ತಪ್ಪು ಆಗೂದು ಇಲ್ಲೇ, ಸಾವಕಾಶ ನೋಡ್ರಿ.

ಡಿಎನ್‌ಎಸ್ ದಾಖಲೆ ಅಂದ್ರ ಸೈಟಿನ ಹೆಸರಿಗೆ ಯಾವ ಐಪಿ (ಸರ್ವರಿನ ವಿಳಾಸ) ಅಂತ ಹೇಳೂದು. ಅದನ್ನ ಎಷ್ಟು ಹೊತ್ತು ನೆನಪಿಟ್ಕೋಬೇಕು ಅನ್ನೂದು ಟಿಟಿಎಲ್. ಎರಡು ದಿನ ಮೊದಲ ಟಿಟಿಎಲ್ 300 ಸೆಕೆಂಡಿಗೆ ಇಳಸ್ರಿ. ಹಳೇದು 86400, ಅಂದ್ರ 24 ತಾಸು ಇದ್ರ, ಇಳಿಸಿದ ಮ್ಯಾಲೂ ಅಷ್ಟು ಹೊತ್ತು ಕೆಲವರ ಕಡೆ ಹಳೇ ದಾಖಲೆನ ಉಳೀತೈತಿ. ಸೈಟ್ ನಕಲು ಆದ ಮ್ಯಾಲ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಾಗ (ಆ ಕಂಪ್ಯೂಟರಿಗಷ್ಟ ಸೈಟಿನ ವಿಳಾಸ ಹೇಳೂ ಫೈಲ್) ಹೊಸ ಐಪಿ ಬರದು ಪರೀಕ್ಷೆ ಮಾಡ್ರಿ. ಗಿರಾಕಿಗೆ ಏನೂ ಗೊತ್ತಾಗೂದಿಲ್ಲ.

ಕನ್ನಡ ಸೈಟ್ ಇದ್ರ ಡೇಟಾಬೇಸಿನ ಅಕ್ಷರಸೆಟ್ (ಅಕ್ಷರ ಬರದಿಡೂ ಪದ್ಧತಿ) ಯುಟಿಎಫ್8ಎಂಬಿ4 ಇರಲಿ. ಆಮದು ಮಾಡೂವಾಗ ಅಕ್ಷರಸೆಟ್ ತಪ್ಪಿದ್ರ ‘ಇಳಕಲ್ ಸೀರೆ’ ಬರೀ ಪ್ರಶ್ನಾರ್ಥಕ ಚಿಹ್ನಿ ಆಗತೈತಿ. ಹಂಗ ಆದ ಅಕ್ಷರ ಮತ್ತ ಬರೂದಿಲ್ಲ, ಮೂಲ ಡಂಪಿನಿಂದ (ಹಳೇ ಡೇಟಾಬೇಸಿನ ನಕಲು ಫೈಲ್) ಮತ್ತೊಮ್ಮೆ ಹಾಕಬೇಕು. ಅದಕ್ಕ ಆ ಡಂಪ್ ಅಳಿಸಬ್ಯಾಡ್ರಿ.

ಬದಲಿಸೂ ರಾತ್ರಿ ಹಳೇ ಸೈಟಿನಾಗ ಆರ್ಡರ್ ನಿಲ್ಲಿಸಿ, ಆಮ್ಯಾಲ ಕಡೀ ನಕಲು ತಗೀರಿ. ಇಲ್ಲಂದ್ರ ನಡುವಿನ ಆರ್ಡರ್ ಹಳೇ ಡೇಟಾಬೇಸಿನಾಗ ಸಿಕ್ಕೊಂಡು ಹೋಗತಾವ.

ನೇಮ್‌ಸರ್ವರ್ (ಎಲ್ಲಾ ಡಿಎನ್‌ಎಸ್ ದಾಖಲೆ ಇಡೂ ಸರ್ವರ್) ಬದಲಿಸಬ್ಯಾಡ್ರಿ, ಸೈಟಿನ ಐಪಿ ಹೇಳೂ ಎ ರೆಕಾರ್ಡ್ ಅಷ್ಟ ಬದಲಿಸ್ರಿ. ನೇಮ್‌ಸರ್ವರ್ ಬದಲಾದಾಗ ಮೇಲ್ ಎಲ್ಲಿ ಹೋಗಬೇಕು ಅಂತ ಹೇಳೂ ಎಂಎಕ್ಸ್ ರೆಕಾರ್ಡ್ ಹೊಸ ಕಡೆ ಇಲ್ಲದಿದ್ರ ಅಂಗಡಿ ಮೇಲ್ ಬರೂದು ನಿಂತುಬಿಡತೈತಿ.

ಐಪಿವಿ6 ಅಂದ್ರ ಹೊಸ ನಮೂನಿ ಐಪಿ ವಿಳಾಸ, ಅದನ್ನ ಹೇಳೂ ದಾಖಲೆ ಎಎಎಎ ರೆಕಾರ್ಡ್. ಹಳೇ ಸರ್ವರಿನ ಎಎಎಎ ರೆಕಾರ್ಡ್ ಉಳಿದೈತೇನು ನೋಡ್ರಿ. ಜಿಯೋ ಮೊಬೈಲ್‌ಗಳು ಐಪಿವಿ6 ದಾರಿ ಹಿಡೀತಾವ. ಅಂಗಡಿ ವೈಫೈದಾಗ ಹೊಸ ಸೈಟ್, ಗಿರಾಕಿ ಮೊಬೈಲ್‌ದಾಗ ಹಳೇದು ಕಂಡ್ರ, ಕಾರಣ ಬಹಳ ಸಲ ಇದ.

[ತೆರೆ ಮ್ಯಾಲ: ಸ್ಟೇಜಿಂಗ್ ಬಟನ್]

ಮುಂದ ಪ್ಲಗಿನ್ ಅಪ್‌ಡೇಟ್ ಮೊದಲ ಸ್ಟೇಜಿಂಗ್‌ನಾಗ (ಪರೀಕ್ಷೆಗೆ ಇಟ್ಟ ಸೈಟಿನ ನಕಲು) ಮಾಡ್ರಿ. ಲೈವ್‌ಗೆ (ಗಿರಾಕಿ ನೋಡೂ ಸೈಟಿಗೆ) ತಳ್ಳೂವಾಗ ಫೈಲ್ ಅಷ್ಟ ತಳ್ರಿ. ಡೇಟಾಬೇಸೂ ಕೂಡಿ ತಳ್ಳಿದ್ರ ಆ ನಡುವ ಬಂದ ಆರ್ಡರ್ ಎಲ್ಲಾ ಅಳಿಸಿಹೋಗತಾವ.

ಹಳೇ ಹೋಸ್ಟಿಂಗ್ ಒಂದು ತಿಂಗಳು ಇರಲಿ. ಅಷ್ಟರಾಗ ಹೊಸ ಕಡೆಯ ಒಂದು ಬ್ಯಾಕಪ್ ಸ್ಟೇಜಿಂಗ್‌ಗೆ ಮರಳಿ ಹಾಕಿ, ಆರ್ಡರ್ ಪಟ್ಟಿ ತೆರೀತೈತೇನು ನೋಡ್ರಿ.